ನೀಲಮ್ಮನ ಕುರ್ಚಿಗೆ ಬಣ್ಣ

ದೇವರಾಜ ಮೊಹಲ್ಲಾದ ಬಟ್ಟೆ ಅಂಗಡಿಗಳ ಸಾಲಿನಲ್ಲಿ ಪ್ರಭುಸ್ವಾಮಿಯವರ ಕಣ್ಣಿಗೆ ಒಂದು ಹೆಸರಿತ್ತು. ಮನುಷ್ಯ ನೋಡಲು ಏನೇನೂ ಅಲ್ಲ. ಕುಳ್ಳು, ಬೊಕ್ಕತಲೆ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಬೇಸಿಗೆಯಲ್ಲೂ ಬಿಚ್ಚದ ತೋಳಿಲ್ಲದ ಸ್ವೆಟರು. ಆದರೆ ಬಣ್ಣದ ವಿಷಯಕ್ಕೆ ಬಂದರೆ ಅವರ ಮುಂದೆ ಯಾರೂ ಉಸಿರೆತ್ತುತ್ತಿರಲಿಲ್ಲ. ನಲವತ್ತೊಂದು ವರ್ಷ ಒಂದೇ ಅಂಗಡಿಯ ಒಂದೇ ಕೌಂಟರಿನ ಹಿಂದೆ ನಿಂತು ಸೀರೆಗೆ ಹೊಂದುವ ರವಿಕೆ ಬಟ್ಟೆ ಕತ್ತರಿಸಿ ಕೊಟ್ಟವರು ಅವರು. ಹೆಂಗಸರು ಚೀಲದಿಂದ ಸೆರಗನ್ನು ಅರ್ಧ ಗೇಣು ಹೊರಗೆಳೆಯುವಷ್ಟರಲ್ಲಿ ಇವರ ಕೈ ಹಿಂದಿನ ಕಪಾಟಿಗೆ ಹೋಗಿರುತ್ತಿತ್ತು. ಆಮೇಲೆ ಎರಡನ್ನೂ ಹಿಡಿದು ಮೆಟ್ಟಿಲಿಳಿದು ಬೀದಿಗೆ ಬರುತ್ತಿದ್ದರು. “ಟ್ಯೂಬ್‌ಲೈಟ್ ನಂಬಬೇಡಿ ತಾಯಿ, ಸುಳ್ಳು ಹೇಳುತ್ತೆ. ಬಿಸಿಲಲ್ಲಿ ನೋಡಿ” ಎನ್ನುತ್ತಿದ್ದರು. ಬಿಸಿಲಲ್ಲಿ ನೋಡಿದರೆ ಸೀರೆಯೂ ರವಿಕೆಯೂ ಒಂದೇ ಬಣ್ಣದ ಹಂಡೆಯಲ್ಲಿ ಅದ್ದಿ ತೆಗೆದ ಹಾಗಿರುತ್ತಿದ್ದವು.

ಮನೆಯ ಕತೆ ಬೇರೆ. ಕುವೆಂಪುನಗರದ ಪುಟ್ಟ ಮನೆಯಲ್ಲಿ ಅವರ ಹೆಂಡತಿ ನೀಲಮ್ಮ ಮೂವತ್ತೆಂಟು ವರ್ಷ ಅಂಗಡಿಯಲ್ಲಿ ಉಳಿದ ತುಂಡುಬಟ್ಟೆಯ ರವಿಕೆಗಳನ್ನೇ ತೊಟ್ಟರು. ಹಸಿರು ಸೀರೆಗೆ ಕಂದು ರವಿಕೆ, ನೇರಳೆಗೆ ಹಳದಿ. “ಊರ ಹೆಂಗಸರಿಗೆಲ್ಲ ಮ್ಯಾಚಿಂಗು, ನನಗೆ ಮಾತ್ರ ಮಿಕ್ಕಿದ್ದು. ಚೆನ್ನಾಗಿದೆ ಕಣ್ರೀ ನಿಮ್ಮ ನ್ಯಾಯ!” ಎಂದು ನಗುತ್ತಿದ್ದರು. “ನಾಳೆ ಒಂದು ಒಳ್ಳೇದು ತರ್ತೀನಿ ಬಿಡೇ” ಎನ್ನುತ್ತಿದ್ದರು ಪ್ರಭುಸ್ವಾಮಿ. ಆ ನಾಳೆ ಯಾವತ್ತೂ ಬರಲಿಲ್ಲ, ನೀಲಮ್ಮನೂ ಅದಕ್ಕಾಗಿ ಮುಖ ಊದಿಸಿಕೊಂಡು ಕೂತವರಲ್ಲ.

ಹೋದ ವರ್ಷ ಗೌರಿ ಹಬ್ಬದ ಹೊತ್ತಿಗೆ ನೀಲಮ್ಮನ ಹೃದಯ ಸೋತಿತು. ಶ್ವಾಸಕೋಶದಲ್ಲಿ ಆಗಾಗ ನೀರು ತುಂಬಿಕೊಳ್ಳುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ, ಆದಷ್ಟು ಕೂತೇ ಇರಲಿ ಎಂದರು ಡಾಕ್ಟರು. ಅಡುಗೆಮನೆಯಿಂದ ಬಚ್ಚಲಿಗೆ ಹೋಗುವುದರೊಳಗೆ ಎರಡು ಕಡೆ ಗೋಡೆ ಹಿಡಿದು ನಿಲ್ಲಬೇಕು, ಅಂಥ ಸ್ಥಿತಿ. ಮಂಚದ ಮೇಲೆ ಬೆನ್ನಿಗೆ ನಾಲ್ಕು ದಿಂಬು ಒಟ್ಟಿ ಕೂರಿಸಿದರೆ ಅರ್ಧ ಗಂಟೆಗೆ ದಿಂಬುಗಳು ಜಾರಿ ಹೆಂಗಸು ಸೊಟ್ಟಗಾಗಿಬಿಡುತ್ತಿದ್ದರು. ಮನೆಯಲ್ಲಿದ್ದ ಪ್ಲಾಸ್ಟಿಕ್ ಕುರ್ಚಿ ತಗ್ಗು, ತಲೆಗೆ ಆಸರೆಯಿಲ್ಲ. ಮಗಳು ಅಕ್ಷತಾ ಸ್ಕೂಲ್ ಟೀಚರು, ಎರಡು ಕ್ರಾಸ್ ಆಚೆ ಗಂಡನ ಮನೆ. ದಿನಾ ಮಧ್ಯಾಹ್ನ ಊಟದ ಬಿಡುವಿನಲ್ಲಿ ಒಂದು ಸಲ, ಸಂಜೆ ಒಂದು ಸಲ ಸ್ಕೂಟರಿನಲ್ಲಿ ಬಂದು ನೋಡಿ ಹೋಗುತ್ತಿದ್ದಳು. ನೀಲಮ್ಮ ಬಾಗಿಲಿಗೆ ಏಳಬಾರದೆಂದು ಮನೆಯ ಬೀಗದಕೈ ಒಂದು ಅವಳ ಹತ್ತಿರವೂ ಇತ್ತು. ಹಿಂದಕ್ಕೆ ಬಾಗುವ ಸೋಫಾ ಕುರ್ಚಿ ತರಿಸುತ್ತೇನೆ ಎಂದು ಮೊಬೈಲಿನಲ್ಲಿ ಚಿತ್ರ ತೋರಿಸಿದಳು.

“ಅದೆಲ್ಲ ಬೇಡ ಕಣಮ್ಮ. ಹಳೇ ಕಾಲದ್ದು ಮರದ ಕುರ್ಚಿ ಬರುತ್ತಲ್ಲ, ಬೆನ್ನು ಎತ್ತರಕ್ಕಿರೋದು, ಕೈ ಅಗಲಕ್ಕಿರೋದು, ಅಂಥದ್ದೊಂದು ಮಾಡಿಸಿಕೊಡಿ. ಈಗಲೂ ಆಗುತ್ತೆ, ಕೊನೆಗೂ ಆಗುತ್ತೆ” ಎಂದರು ನೀಲಮ್ಮ.

“ಕೊನೆಗೆ ಅಂದ್ರೆ?” ಪ್ರಭುಸ್ವಾಮಿ ಕೇಳಿದರು. ಕೇಳಬಾರದಿತ್ತು.

“ಕೊನೆಗೆ ಅಂದ್ರೆ ಕೊನೆಗೆ. ಮೊನ್ನೆ ಹಿಂದಿನ ಬೀದಿಯ ಮೇಡಮ್ಮೋರನ್ನ ಕೂರಿಸಿದ್ರಲ್ಲ, ನೋಡಿದ್ರಲ್ವಾ? ಶಾಮಿಯಾನದೋರ ಕೆಂಪು ಪ್ಲಾಸ್ಟಿಕ್ ಕುರ್ಚಿ. ಬೆನ್ನಿನ ಮೇಲೆ ಅಂಗಡಿ ಹೆಸರು, ಫೋನ್ ನಂಬರು. ಪಾಪ, ಜರತಾರಿ ಸೀರೆ ಉಡಿಸಿ, ತಲೆ ಪಕ್ಕದಲ್ಲೇ ಫೋನ್ ನಂಬರು! ನನಗೆ ಹಾಗೆ ಮಾಡಬೇಡ್ರಪ್ಪ.” ಇಷ್ಟು ಹೇಳಿ ನೀಲಮ್ಮ ನಕ್ಕರು, ನಕ್ಕಿದ್ದಕ್ಕೆ ಕೆಮ್ಮು ಬಂತು.

ಅವರ ಜನರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ಮೈತುಂಬ ವಿಭೂತಿ ಧರಿಸಿ, ಕೂರಿಸುತ್ತಾರೆ. ಕೂತ ಹಾಗೆಯೇ ಮಣ್ಣಿಗೆ ಒಯ್ಯುತ್ತಾರೆ, ಕುರ್ಚಿ ಮನೆಗೆ ವಾಪಸು ಬರುತ್ತದೆ. ಇದು ಪ್ರಭುಸ್ವಾಮಿಗೆ ಹೊಸದೇನಲ್ಲ, ಅಪ್ಪ ಅಮ್ಮ ಇಬ್ಬರನ್ನೂ ಹಾಗೆಯೇ ಕಳಿಸಿಕೊಟ್ಟವರು. ಆದರೂ ಅವರಿಗೆ ಸಿಟ್ಟು ನೆತ್ತಿಗೇರಿತು. “ಬಾಯಿಗೆ ಬಂದಿದ್ದೆಲ್ಲ ಮಾತಾಡಬೇಡ” ಎಂದು ಗದರಿ, ಸ್ವೆಟರು ಎಳೆದುಕೊಂಡು ಮೊಪೆಡ್ ಹತ್ತಿ ಹೋಗಿಬಿಟ್ಟರು.

ಹೋದದ್ದು ಊರಂಚಿನ ಹಿನಕಲ್ಲಿಗೆ, ಬಡಗಿಯನ್ನು ಹುಡುಕಿಕೊಂಡೇ. ಸಿಟ್ಟು ಮಾತಿನಲ್ಲಿತ್ತು ಅಷ್ಟೇ, ಹೆಂಡತಿ ಕೇಳಿದ್ದನ್ನು ಮಾಡಿಸದೆ ಇರುವ ಶಕ್ತಿ ಅವರಿಗಿರಲಿಲ್ಲ. ಅಲ್ಲಿ ಬೀರೇಶ ಎಂಬ ಬಡಗಿ, ನಲವತ್ತರ ಆಸುಪಾಸಿನವನು, ತಗಡಿನ ಶೆಡ್ಡಿನಲ್ಲಿ ಮರಗೆಲಸವನ್ನೂ ಪಾಲಿಷನ್ನೂ ತಾನೇ ಮಾಡುತ್ತಿದ್ದ. ಅವನ ಹತ್ತಿರ ಒಣಗಿದ ಹಲಸಿನ ಹಲಗೆಗಳಿದ್ದವು. ಹತ್ತು ದಿನಕ್ಕೆ ಕುರ್ಚಿ ಸಿದ್ಧವಾಗಿ ಆಟೋದಲ್ಲಿ ಬಂತು. ಎತ್ತರದ ಬೆನ್ನು, ಅಗಲದ ಕೈಗಳು, ಬಣ್ಣವಿಲ್ಲ, ಪಾಲಿಷಿಲ್ಲ. ಆಗ ತಾನೇ ಸುಲಿದ ಹಣ್ಣಿನ ತೊಳೆಯ ಹಾಗೆ ಹಳದಿ. ನಡುಮನೆಯ ಕಿಟಕಿಯ ಹತ್ತಿರ ಇಳಿಸಿದರು. ಮರದ ವಾಸನೆಗೆ ನೀಲಮ್ಮ ನಡುಮನೆಯ ಆಚೆ ತುದಿಯ ಮಂಚದಿಂದ ನಿಧಾನವಾಗಿ ಎದ್ದು ಬಂದರು.

“ಬಣ್ಣ ನೀವು ಹೇಳಿ ಅಮ್ಮಾವ್ರೆ, ಮನೇಲೇ ಹೊಡ್ಕೊಟ್ಟು ಓಯ್ತೀನಿ” ಎಂದ ಬೀರೇಶ. ಅದೇ ಹಲಗೆಯ ಒಂದು ತುಂಡಿನ ಮೇಲೆ ನಾಲ್ಕು ಬಣ್ಣ ಬಳಿದು ತಂದಿದ್ದ. ತೇಗದ್ದು, ಬೀಟೆಯದ್ದು, ವಾಲ್‌ನಟ್ಟು, ಮಹಾಗನಿ.

ನೀಲಮ್ಮ ಎರಡನೇ ಸಲ ನೋಡಲಿಲ್ಲ. “ತೇಗದ್ದೇ ಹೊಡಿಯಪ್ಪ. ನಮ್ಮಮ್ಮನ ಮನೇಲಿ ತೊಟ್ಟಿಲು ಇದೇ ಬಣ್ಣ ಇತ್ತು” ಎಂದು ಹೇಳಿ, ಕುರ್ಚಿಯ ಕೈ ಹಿಡಿದು ಕೂರಲು ಬಾಗಿದರು.

“ಅಯ್ಯಯ್ಯೋ, ಈಗ್ಲೇ ಕೂರಬ್ಯಾಡಿ ಅಮ್ಮಾವ್ರೆ!” ಬೀರೇಶ ಕೈ ಅಡ್ಡ ಹಿಡಿದ. “ಬಣ್ಣ ಕಾಣ್ದಿರೋ ಮರ ಕಣಮ್ಮ, ಏನ್ ಕೊಟ್ರೂ ಕುಡ್ಕಬುಡುತ್ತೆ. ಕೈ ಬೆವರು, ತಲೆ ಎಣ್ಣೆ ಒಳಕ್ಕಿಳಿದ್ರೆ ಆ ಜಾಗ ಬಣ್ಣ ಇಡಿಯಲ್ಲ. ನಾಳೆ ಹೊಡೆದ್ರೆ ನಾಳಿದ್ದು ಆರಾಮಾಗಿ ಕೂರಿ.”

ಒಂದು ದಿನದ ಮಾತು. ಅವನು ಹೇಳಿದ್ದು ಸರಿಯೇ. ಮರುದಿನ ಅವನಿಗೆ ಹೂಂ ಅಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಪ್ರಭುಸ್ವಾಮಿ ಆ ಮರದ ತುಂಡನ್ನು ಕೈಗೆ ತೆಗೆದುಕೊಂಡು ಹೊರಗೆ ಬಿಸಿಲಿಗೆ ಹೋದರು. ಹೀಗೆ ಹಿಡಿದು ನೋಡಿದರು, ಹಾಗೆ ಹಿಡಿದು ನೋಡಿದರು. ಒಳಗೆ ಬಂದು, “ಈ ತೇಗದ ಬಣ್ಣದಲ್ಲಿ ಕೆಂಪು ಜಾಸ್ತಿ ಇದೆ. ನಿನಗೆ ಬಣ್ಣ ಗೊತ್ತಾಗಲ್ಲ, ಸುಮ್ಮನಿರು. ನಾನು ಸರಿಯಾದ್ದು ನೋಡಿ ಹೇಳ್ತೀನಿ” ಎಂದರು.

ಎಂಥ ಮಾತು ನೋಡಿ! ಹೆಂಡತಿ ಜನ್ಮದಲ್ಲಿ ಒಂದು ಬಣ್ಣ ಆರಿಸಿದ್ದಳು, ಅದನ್ನೂ ತಳ್ಳಿಹಾಕಿದ ಪುಣ್ಯಾತ್ಮ. ಕೆಂಪು ಜಾಸ್ತಿಯಿತ್ತೋ ಇಲ್ಲವೋ ದೇವರಿಗೇ ಗೊತ್ತು. ಕುರ್ಚಿ ಪೂರ್ತಿಯಾದ ದಿನ ನೀಲಮ್ಮ ಹೇಳಿದ ಆ ‘ಕೊನೆ’ಗೆ ಎಲ್ಲ ತಯಾರಾದಂತೆ ಆಗಿಬಿಡುತ್ತದೆ ಎಂದು ಅವರಿಗೆ ಹೆದರಿಕೆ ಹತ್ತಿತ್ತು. ಬಣ್ಣವಾಗದ ಕುರ್ಚಿ ಇನ್ನೂ ಬರೀ ಮರ. ಅದು ಮರವಾಗಿ ಇರುವಷ್ಟು ದಿನ ಏನೂ ಆಗುವುದಿಲ್ಲ. ಇದನ್ನು ಅವರು ಯಾರ ಹತ್ತಿರವೂ ಬಾಯಿಬಿಟ್ಟು ಹೇಳಲಿಲ್ಲ. ತಮಗೆ ತಾವೇ ಹೇಳಿಕೊಂಡರೋ ಇಲ್ಲವೋ ಅನುಮಾನ. ಹೇಳಿದ್ದೆಲ್ಲ ಬಣ್ಣದ ನೆಪ.

ಕುರ್ಚಿಯಲ್ಲಿ ಯಾರೂ ಮರೆತು ಕೂರಬಾರದೆಂದು ಅಂಗಡಿಯಿಂದ ತಂದಿದ್ದ ಕೆಂಪು ಟೇಪನ್ನು ಕುರ್ಚಿಯ ಎರಡು ಕೈಗಳ ನಡುವೆ ಅಡ್ಡಕ್ಕೆ ಕಟ್ಟಿದರು. ಸೀರೆ ಪೊಟ್ಟಣಕ್ಕೆ ಹಾಕುವ ಗಂಟು, ಎರಡು ಸುತ್ತು, ಮೇಲೊಂದು ಕುಣಿಕೆ.

“ಅರಮನೇಲಿ ಸಿಂಹಾಸನಕ್ಕೆ ಅಡ್ಡ ಕಟ್ಟಿರ್ತಾರಲ್ಲ, ಹಾಗಾಯ್ತು. ಟಿಕೆಟ್ ಇಟ್ಟು ಜನಾನ ಬಿಡಿ ಇನ್ನ” ಎಂದರು ನೀಲಮ್ಮ ಮಂಚದ ಮೇಲಿಂದ.

ಅಲ್ಲಿಂದ ಶುರುವಾಯಿತು ಪ್ರಭುಸ್ವಾಮಿಯವರ ಬಣ್ಣದ ತಿರುಗಾಟ. ಅಂಗಡಿಯಿಂದ ನಿವೃತ್ತರಾಗಿದ್ದರೂ ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ ಎರಡು ಗಂಟೆ ಕೌಂಟರಿನಲ್ಲಿ ನಿಂತು ಬರುವ ಚಾಳಿ ಇತ್ತು. ಈಗ ಅದರ ಜೊತೆಗೆ ಪೇಂಟಿನ ಅಂಗಡಿಗಳು ಸೇರಿಕೊಂಡವು. ಜೇಬಿನ ತುಂಬ ಬಣ್ಣದ ಚೀಟಿಗಳು. ಒಂದೊಂದು ಅಂಗಡಿಯಲ್ಲೂ ಹಲಸಿನ ತುಂಡು ತೆಗೆದು ಒಂದು ಬೊಟ್ಟು ಬಳಿಸಿಕೊಂಡು, ಬೀದಿಗೆ ಬಂದು ಬಿಸಿಲಿಗೆ ಹಿಡಿದು, ತಲೆಯಾಡಿಸಿ, ಮುಂದಿನ ಅಂಗಡಿಗೆ. ಒಂದರಲ್ಲಿ ಹಸಿರಿನ ಛಾಯೆ, ಇನ್ನೊಂದು ತೀರಾ ಮಂಕು, ಮತ್ತೊಂದು ಹೋಟೆಲಿನ ಟೇಬಲ್ಲಿನ ಹಾಗೆ. ಒಮ್ಮೆ ಹೋದರೆ ಮನೆಗೆ ಬರುವಾಗ ಮೂರು, ಮೂರೂವರೆ.

ಇದರ ಮೇಲೆ ಹಲಸಿನ ಮರ ತನ್ನದೂ ಒಂದು ಆಟ ಹೂಡಿತು. ಗಾಳಿ ಬೆಳಕಿಗೆ ಅದು ತಾನಾಗಿಯೇ ಬಣ್ಣ ತಿರುಗುತ್ತದೆ. ಕಾರ್ತಿಕದಲ್ಲಿ ಹಳದಿಯಿದ್ದದ್ದು ಸಂಕ್ರಾಂತಿ ಹೊತ್ತಿಗೆ ಬೆಲ್ಲದ ಕಡೆಗೆ ಹೊರಳಿತ್ತು. ಮೊದಲು ಹೊಂದಿದ್ದು ಈಗ ಹೊಂದುವುದಿಲ್ಲ. “ನೋಡಿದ್ಯಾ, ಅವಸರ ಮಾಡಿದ್ದಿದ್ರೆ ಕೆಟ್ಟುಹೋಗ್ತಿತ್ತು” ಎಂದರು ಪ್ರಭುಸ್ವಾಮಿ, ದೊಡ್ಡ ಸಾಧನೆ ಮಾಡಿದವರ ಹಾಗೆ. ಬೀರೇಶ ಎರಡು ಸಲ ಫೋನು ಮಾಡಿದ. “ಯಾವ್ದಾರ ಒಂದ್ ಏಳಿ ಸ್ವಾಮಿ, ಅಮ್ಮಾವ್ರು ಕಾಯ್ತಾವ್ರೆ” ಎಂದ. ಮುಂದಿನ ವಾರ ಹೇಳುತ್ತೇನೆ ಎಂದರು.

ಅಕ್ಷತಾ ಒಂದು ಸಂಜೆ ಜಗಳಕ್ಕೇ ನಿಂತಳು. “ಅಪ್ಪಾಜಿ, ಅಮ್ಮ ದಿಂಬಿಗೊರಗಿ ಬೆನ್ನು ನೋವಿಂದ ಸಾಯ್ತಿದಾರೆ. ಬಣ್ಣ ಇಲ್ದಿದ್ರೆ ಏನಾಯ್ತು? ಕೂರಲಿ ಬಿಡಿ.”

“ಎಣ್ಣೆ ಹತ್ತಿದ್ರೆ ಕುರ್ಚಿ ಹಾಳು. ಇಷ್ಟು ದಿನ ತಡೆದಿದೀವಿ, ಇನ್ನೊಂದು ವಾರ ತಡೆಯಕ್ಕಾಗಲ್ವಾ?”

ಅಕ್ಷತಾ ಏನೋ ಹೇಳಹೋದಳು. ಮಂಚದ ಮೇಲಿಂದ ನೀಲಮ್ಮ ಅವಳ ಕಡೆ ನೋಡಿ ಕಣ್ಣಲ್ಲೇ ಬೇಡ ಎಂದರು. ಅವಳು ಅಡುಗೆಮನೆಗೆ ಹೋಗಿ ಪಾತ್ರೆ ಕುಕ್ಕಿದಳು.

ಆ ದಿನಗಳಲ್ಲಿ ಪ್ರಭುಸ್ವಾಮಿಯನ್ನು ಇನ್ನೊಂದು ವಿಷಯ ಕೊರೆಯುತ್ತಿತ್ತು. ಮಧ್ಯಾಹ್ನ ಮನೆಗೆ ಬಂದು ಬೀಗ ತೆಗೆದು ಒಳಗೆ ಹೋದರೆ ನೀಲಮ್ಮ ಮಂಚದ ಅಂಚಿನಲ್ಲಿ ಕೂತು ಏದುಸಿರು ಬಿಡುತ್ತಿರುತ್ತಿದ್ದರು. ಹಣೆ ಮೇಲೆ ಬೆವರು, ಎದೆ ಏರಿಳಿತ, ಮಾತೇ ಹೊರಡದು. ಬೆಳಿಗ್ಗೆ ಹೋಗುವಾಗ ಚೆನ್ನಾಗಿದ್ದವರು ಬರುವಷ್ಟರಲ್ಲಿ ಹೀಗೆ. ಒಂದು ದಿನವಲ್ಲ, ಹೆಚ್ಚುಕಡಿಮೆ ದಿನಾ. “ಸುಮ್ಮನೆ ಒರಗಿಕೊಂಡಿರೋಳಿಗೆ ಇದೇನೇ ಈ ಪಾಟಿ ಏದುಸಿರು?” ಎಂದು ಗದರುತ್ತಿದ್ದರು. ಹೆದರಿಕೆಯಾದಾಗ ಗದರುವುದು ಅವರ ಸ್ವಭಾವ. ನೀಲಮ್ಮ ಕೈಸನ್ನೆಯಲ್ಲಿ ಏನಿಲ್ಲ ಎನ್ನುತ್ತಿದ್ದರು. ಕಾಯಿಲೆ ಜೋರಾಗುತ್ತಿದೆ ಎಂದುಕೊಂಡರು ಪ್ರಭುಸ್ವಾಮಿ. ಜೋರಾದಷ್ಟೂ ಹೆದರಿಕೆ, ಹೆದರಿಕೆಯಾದಷ್ಟೂ ಬಣ್ಣ ಸಿಗಲಿಲ್ಲ.

ಶಿವರಾತ್ರಿಗೆ ಇನ್ನೂ ಐದು ದಿನವಿತ್ತು. ಪೇಂಟಿನ ಅಂಗಡಿಯೊಂದರ ಮುಂದೆ ಹಲಸಿನ ತುಂಡನ್ನು ಬಿಸಿಲಿಗೆ ಹಿಡಿದು ನಿಂತಿದ್ದಾಗ ಅಕ್ಷತಾಳ ಫೋನು ಬಂತು. ಊಟದ ಬಿಡುವಿನಲ್ಲಿ ಬಂದಾಗ ಅಮ್ಮ ಗೋಡೆಗೊರಗಿ ನೆಲದ ಮೇಲೆ ಕೂತಿದ್ದರಂತೆ, ತುಟಿ ನೀಲಿ ತಿರುಗಿತ್ತಂತೆ. ಆಂಬುಲೆನ್ಸ್ ಬಂದಿದೆ, ನೇರ ಆಸ್ಪತ್ರೆಗೆ ಬನ್ನಿ ಎಂದಳು. ಆಸ್ಪತ್ರೆಯ ಬಾಗಿಲಲ್ಲಿ ಮೊಪೆಡ್ ನಿಲ್ಲಿಸುವಾಗ ಅವಳು ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಅಪ್ಪನನ್ನು ನೋಡಿ ತಲೆ ಅಲ್ಲಾಡಿಸಿದಳು. ನೀಲಮ್ಮ ದಾರಿಯಲ್ಲೇ ಹೋಗಿಬಿಟ್ಟಿದ್ದರು. ಪ್ರಭುಸ್ವಾಮಿಯ ಕೈಯಲ್ಲಿ ಆ ಮರದ ತುಂಡು ಇನ್ನೂ ಇತ್ತು.

ಮನೆಗೆ ತಂದರು. ಮಠದ ಅಯ್ಯನವರು ಬಂದರು, ನೆಂಟರು ಬಂದರು, ಶಾಮಿಯಾನದವನು ಬೀದಿಗೆ ಬಟ್ಟೆ ಎಳೆದು ಕುರ್ಚಿಗಳ ರಾಶಿ ಇಳಿಸಿದ. ಅದರಲ್ಲೊಂದನ್ನು, ಕೈಯಿದ್ದದ್ದನ್ನು, ಬೇರೆ ತೆಗೆದು ಒರೆಸಿ ಬಾಗಿಲ ಹತ್ತಿರ ಇಟ್ಟ. ಕೆಂಪು ಬಣ್ಣದ್ದು, ಬೆನ್ನಿನ ಮೇಲೆ ಫೋನ್ ನಂಬರು. ಅಕ್ಷತಾ ಅದನ್ನು ಕಾಲಿನಲ್ಲೇ ಪಕ್ಕಕ್ಕೆ ತಳ್ಳಿದಳು. ಒಳಗೆ ಹೋಗಿ ಹಲಸಿನ ಕುರ್ಚಿಯ ಟೇಪು ಕಿತ್ತೆಸೆದು, ಗಂಡನ ಜೊತೆ ಸೇರಿ ಎತ್ತಿಕೊಂಡು ಬಂದಳು.

“ಇನ್ನೂ ಬಣ್ಣ ಆಗಿಲ್ಲ” ಎಂದರು ಪ್ರಭುಸ್ವಾಮಿ.

ಹಾಗೆ ಹೇಳಿದ್ದು ಅವರ ಬಾಯಿಂದಲೇ. ಜಗಲಿಯಲ್ಲಿದ್ದವರೆಲ್ಲ ಅವರ ಮುಖ ನೋಡಿದರು. ಅಯ್ಯನವರು ಕುರ್ಚಿಯ ಬೆನ್ನು, ಕೈ, ಎಲ್ಲ ಮುಚ್ಚುವಂತೆ ಎರಡು ಮಡಿಕೆ ಬಿಳಿ ಪಂಚೆ ಹೊದಿಸಿದರು. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ರುದ್ರಾಕ್ಷಿ ಹಾಕಿ, ನೀಲಮ್ಮನನ್ನು ಅದರ ಮೇಲೆ ಕೂರಿಸಿದರು. ಹಸಿರು ರೇಷ್ಮೆ ಸೀರೆ. ಅವಸರದಲ್ಲಿ ಯಾರ ಕೈಗೋ ಸಿಕ್ಕಿದ ಕಂದು ರವಿಕೆ. ಐದಾರು ತಿಂಗಳು ದಿಂಬಿಗೊರಗಿ ಸೊಟ್ಟಗೆ ಕೂತಿದ್ದ ಹೆಂಗಸು ಆ ಎತ್ತರದ ಬೆನ್ನಿಗೆ ನೆಟ್ಟಗೆ ಕೂತರು. ಕುರ್ಚಿ ಅಳತೆಗೆ ಸರಿಯಾಗಿತ್ತು. ಕೊನೆಗೂ ಕೂತಳು, ಉಸಿರು ಬೇಕಿಲ್ಲದ ಹೊತ್ತಿನಲ್ಲಿ ಕೂತಳು ಎಂದು ಪ್ರಭುಸ್ವಾಮಿ ಮೂಲೆಯಲ್ಲಿ ನಿಂತು ಮತ್ತೆ ಮತ್ತೆ ಅದನ್ನೇ ಅಂದುಕೊಂಡರು. ಬದುಕಿದ್ದಾಗ ಒಂದು ದಿನ, ಒಂದೇ ಒಂದು ದಿನ ಅದರಲ್ಲಿ ಕೂರಿಸಲಿಲ್ಲ.

ಹನ್ನೊಂದನೇ ದಿನದ ಶಿವಗಣಾರಾಧನೆ ಮುಗಿದ ಮೇಲೆ ಒಂದು ಬೆಳಿಗ್ಗೆ ಬೀರೇಶ ಡಬ್ಬ, ಬಟ್ಟೆ, ಉಜ್ಜುವ ಕಾಗದ ಎಲ್ಲ ಚೀಲಕ್ಕೆ ತುಂಬಿಕೊಂಡು ಕರೆಯದೆಯೇ ಬಂದ. “ಅಮ್ಮಾವ್ರಿಗೆ ಒಡ್ಕೊಡ್ತೀನಿ ಅಂದಿದ್ದೆ ಸ್ವಾಮಿ. ಅಂಗೇ ಉಳ್ಕಂಡ್ರೆ ನಂಗೆ ನಿದ್ದೆ ಬರಲ್ಲ. ಯಾವ್ ಬಣ್ಣ ಏಳಿ.”

“ಯಾವುದಾದ್ರೂ ಹೊಡಿಯಪ್ಪ” ಎಂದರು ಪ್ರಭುಸ್ವಾಮಿ. ನಲವತ್ತೊಂದು ವರ್ಷದಲ್ಲಿ ಬಣ್ಣದ ವಿಷಯಕ್ಕೆ ‘ಯಾವುದಾದ್ರೂ’ ಎನ್ನುವ ಮಾತು ಆ ಬಾಯಿಂದ ಬಂದಿರಲಿಲ್ಲ. ಬೀರೇಶ ಡಬ್ಬ ಬಿಚ್ಚುವಷ್ಟರಲ್ಲಿ, “ತೇಗದ್ದು. ಅವಳು ಹೇಳಿದ್ದು ಅದೇ” ಎಂದರು.

ಬೀರೇಶ ಕುರ್ಚಿಯನ್ನು ಹಿತ್ತಲಿನ ನೆರಳಿಗೆ ಒಯ್ದು ಉಜ್ಜಿದ. ಮೇಲಿನ ಬೆಲ್ಲದ ಬಣ್ಣ ಪುಡಿಯಾಗಿ ಉದುರಿ ಒಳಗಿನ ಹಳದಿ ಮತ್ತೆ ಕಂಡಿತು. ಒರೆಸಿ, ಬಟ್ಟೆಯಲ್ಲಿ ಬಣ್ಣ ಅದ್ದಿ ಬಳಿಯತೊಡಗಿದ. ಅರ್ಧ ಗಂಟೆಯ ಮೇಲೆ ಅವನು ಕೂಗಿದ್ದು ಒಳಗೆ ಕೇಳಿಸಿತು.

“ಸ್ವಾಮಿ, ವಸಿ ಬಂದು ನೋಡಿ ಇಲ್ಲಿ.”

ಕುರ್ಚಿಯೆಲ್ಲ ತೇಗದ ಬಣ್ಣಕ್ಕೆ ತಿರುಗಿತ್ತು. ಮೂರು ಜಾಗ ಬಿಟ್ಟು. ಎರಡು ಕೈಗಳ ಮೇಲೆ, ಮುಂಗೈ ಊರುವ ಕಡೆ, ಉದ್ದನೆಯ ಎರಡು ಮಚ್ಚೆ. ಬೆನ್ನಿನ ಮೇಲ್ಭಾಗದಲ್ಲಿ ಬೋಗುಣಿಯ ಬಾಯಿಯಷ್ಟು ದುಂಡಗಿನ ಒಂದು ಕಲೆ. ಅಲ್ಲೆಲ್ಲ ಬಣ್ಣ ನಿಲ್ಲದೆ ಜಾರಿ, ಮರ ಎಣ್ಣೆಹೊಳಪಿನಲ್ಲಿ ಹಾಗೆಯೇ ಉಳಿದಿತ್ತು.

“ಎರಡ್ ಸಲ ಉಜ್ಜಿದೆ, ತಿನ್ನರ್ ಆಕ್ದೆ, ಓಗ್ತಿಲ್ಲ. ಕೊಬ್ಬರಿ ಎಣ್ಣೆ ಕಣ್ ಸ್ವಾಮಿ, ಆಳಕ್ಕಿಳಿದದೆ. ಕೂರಬ್ಯಾಡಿ ಅಂದಿದ್ನಲ್ಲ, ಯಾರು ಕೂತಿದ್ದು?”

“ಯಾರೂ ಕೂತಿಲ್ಲ. ಅವತ್ತು ಒಂದು ದಿನ...” ಎಂದರು ಪ್ರಭುಸ್ವಾಮಿ.

“ಅವತ್ತಿಂದಲ್ಲ ಸ್ವಾಮಿ. ಅವತ್ತು ಪಂಚೆ ಒದ್ಸಿದ್ರು, ನಾನೂ ಇದ್ನಲ್ಲ. ಇದು ಒಂದಿನದ ಎಣ್ಣೆ ಅಲ್ಲ. ತಿಂಗಳಾನುಗಟ್ಲೆ, ದಿನಾ ಗಂಟೆಗಟ್ಲೆ ಕೂತು ಒರಗಿರ್ಬೇಕು. ಇಲ್ದಿದ್ರೆ ಇಷ್ಟು ಆಳಕ್ಕೆ ಇಳಿಯಲ್ಲ.”

ಪ್ರಭುಸ್ವಾಮಿ ಬಗ್ಗಿ ನೋಡಿದರು. ದುಂಡನೆಯ ಕಲೆ ಬೆನ್ನಿನ ನಡುವೆ ಇರಲಿಲ್ಲ. ಎಡಕ್ಕೆ, ನಡುಮನೆಯಲ್ಲಿ ಕಿಟಕಿಯಿದ್ದ ಕಡೆಗೆ ವಾಲಿತ್ತು. ಅವರ ಎತ್ತರಕ್ಕೂ ಅಲ್ಲ, ಮಗಳ ಎತ್ತರಕ್ಕೂ ಅಲ್ಲ. ನೀಲಮ್ಮನ ತುರುಬು ಎಲ್ಲಿಗೆ ಬರುತ್ತದೆಂದು ಅವರಿಗೆ ಗೊತ್ತಿತ್ತು.

ಅಕ್ಷತಾ ಹಿಂದೆ ಬಂದು ನಿಂತಿದ್ದಳು. ಅಪ್ಪ ತಿರುಗಿ ನೋಡಿದ ಮೇಲೆ ಹೇಳಿದಳು. “ನನಗೆ ಗೊತ್ತಿತ್ತು ಅಪ್ಪಾಜಿ. ನೀವು ಬಣ್ಣಕ್ಕೆ ಅಂತ ಹೋದ ಮೇಲೆ ಟೇಪ್ ಬಿಚ್ಚಿ ಕೂತುಕೊಳ್ತಿದ್ರು. ನೀವು ಬರೋ ಸದ್ದಾದ್ರೆ ಎದ್ದು ಕಟ್ಟಿಬಿಟ್ಟು ಮಂಚಕ್ಕೆ ಹೋಗ್ತಿದ್ರು. ನಾನು ಎಷ್ಟೋ ಸಲ ಬೈದೆ, ಅಪ್ಪಾಜಿಗೆ ಹೇಳಿಬಿಡ್ತೀನಿ ಅಂದೆ. ‘ಹೇಳಬೇಡ ಕಣೇ, ಅವರಿಗೆ ಭಯ. ಬಣ್ಣ ಹುಡುಕ್ಕೊಂಡಿರೋವರೆಗೂ ಧೈರ್ಯವಾಗಿರ್ತಾರೆ. ಹುಡುಕಲಿ ಬಿಡು’ ಅಂದ್ರು.”

ಹೆಂಡತಿಗೆ ಎಲ್ಲ ಗೊತ್ತಿತ್ತು. ಕುರ್ಚಿಯ ಆಸೆಯನ್ನು ಬಚ್ಚಿಟ್ಟುಕೊಂಡು ಗಂಡನ ಹೆದರಿಕೆಯನ್ನು ಕಾಪಾಡಿಕೊಂಡು ಬಂದಿದ್ದಳು. ಪ್ರಭುಸ್ವಾಮಿಗೆ ಟೇಪಿನ ನೆನಪಾಯಿತು. ಕೆಲವು ದಿನ ಗಂಟು ಬರೀ ಒಂದು ಸುತ್ತಿನ ಸಾದಾ ಗಂಟಾಗಿರುತ್ತಿತ್ತು. ಕಂಡಿದ್ದರು, ಅಂಗಡಿಯ ಗಂಟು ಇದಲ್ಲವಲ್ಲ ಎಂದು ಒಂದು ಕ್ಷಣಕ್ಕೂ ಅನಿಸಿರಲಿಲ್ಲ. ಬಣ್ಣ ನೋಡುವ ಕಣ್ಣು ಅದರ ಮೇಲೆ ನಿಲ್ಲಲಿಲ್ಲ.

“ಎರಡ್ ದಾರಿ ಅದೆ ಸ್ವಾಮಿ” ಎಂದ ಬೀರೇಶ ಮೆಲ್ಲಗೆ. “ಮೇಲಿಂದ ಒಂದು ಪದರ ಎತ್ಬುಡೋದು. ಇಲ್ಲಾ ಪೂರಾ ಕಪ್ಪಗೆ ಒಡೆದು ಮುಚ್ಬುಡೋದು.”

“ಏನೂ ಮಾಡಬೇಡ. ಆ ಮೂರು ಜಾಗ ಮುಟ್ಟಬೇಡ” ಎಂದರು.

ಸಂಜೆ ಹೊತ್ತಿಗೆ ಬಣ್ಣ ಆರಿತು. ಬೀರೇಶನೂ ಅಕ್ಷತಾಳೂ ಕುರ್ಚಿಯನ್ನು ತಂದು ಕಿಟಕಿಯ ಹತ್ತಿರ ಮೊದಲಿದ್ದಲ್ಲೇ ಇಟ್ಟರು. ಬೀರೇಶ ಚೀಲ ಹೊತ್ತು ಹೊರಟ. ಅಕ್ಷತಾ ಅಡುಗೆಮನೆಗೆ ಹೋದಳು. ಪ್ರಭುಸ್ವಾಮಿ ಬಹಳ ಹೊತ್ತು ನಿಂತೇ ಇದ್ದರು, ಆಮೇಲೆ ಕೂತರು. ಅವರು ಅದರಲ್ಲಿ ಕೂರುವುದು ಅದೇ ಮೊದಲು. ಮುಂಗೈಗಳನ್ನು ಆ ಎರಡು ಮಚ್ಚೆಗಳ ಮೇಲಿಟ್ಟರು. ತಲೆಯನ್ನು ಎಡಕ್ಕೆ ವಾಲಿಸಿ ನೋಡಿದರು.

ಅಲ್ಲಿಂದ ಕಾಣುತ್ತಿದ್ದದ್ದು ಬೀದಿಯ ತಿರುವು. ತಿರುವಿನಲ್ಲಿ ರಸ್ತೆಗೆ ಅಡ್ಡ ಉಬ್ಬಿದ ಒಂದು ಹಂಪು. ದಿನಾ ಆ ಹಂಪಿನ ಮೇಲೆ ಅವರ ಹಳೆಯ ಮೊಪೆಡ್ಡು ಎಗರಿ ಹಿಂದಿನ ಕ್ಯಾರಿಯರ್ರು ಲಟಪಟ ಅನ್ನುತ್ತಿತ್ತು. ರಿಪೇರಿ ಮಾಡಿಸಿ ಎಂದು ಎಲ್ಲದಕ್ಕೂ ಹೇಳುತ್ತಿದ್ದ ನೀಲಮ್ಮ ಅದೊಂದಕ್ಕೆ ಯಾಕೆ ಹೇಳಲಿಲ್ಲ ಎಂಬುದು ಈಗ ತಿಳಿಯಿತು.

ಯಾರದೋ ಸ್ಕೂಟರು ಹಂಪು ಹತ್ತಿ ಇಳಿಯಿತು. ಪ್ರಭುಸ್ವಾಮಿ ಎಣಿಸಿದರು. ಹನ್ನೊಂದು ಎಣಿಸುವಷ್ಟರಲ್ಲಿ ಅದು ಗೇಟಿನ ಮುಂದೆ ಹಾದುಹೋಯಿತು. ಗೇಟು ತೆಗೆದು, ಗಾಡಿ ನಿಲ್ಲಿಸಿ, ಬೀಗ ತೆಗೆಯಲು ಇನ್ನೊಂದು ಇಪ್ಪತ್ತು. ಅಷ್ಟರೊಳಗೆ ಏಳಬೇಕು. ಬಗ್ಗಿ ಟೇಪು ಕಟ್ಟಬೇಕು. ಮಂಚ ತಲುಪಬೇಕು. ಅವರು ಎದ್ದು ನಡೆದು ನೋಡಿದರು. ಹದಿನಾಲ್ಕು ಹೆಜ್ಜೆ. ಬಚ್ಚಲಿಗೆ ಹೋಗಲು ಎರಡು ಕಡೆ ಗೋಡೆ ಹಿಡಿಯುತ್ತಿದ್ದ ಹೆಂಗಸು, ಹಿಡಿಯಲು ಗೋಡೆ ಸಿಗದ ಈ ನಡುಮನೆಯಲ್ಲಿ, ದಿನಾ, ಇವರ ಸದ್ದಿಗೆ, ಹದಿನಾಲ್ಕು ಹೆಜ್ಜೆ ಓಡಿದ್ದಳು. ಆ ಏದುಸಿರನ್ನು ಇವರು ಕಾಯಿಲೆ ಅಂದುಕೊಂಡರು. ಬೀಗ ತೆಗೆದು ಒಳಗೆ ಬಂದು ಅವಳನ್ನೇ ಗದರಿದರು.

ಮಂಚದ ಪಕ್ಕದಲ್ಲಿ ನಿಂತು ಪ್ರಭುಸ್ವಾಮಿ ಕಿಟಕಿಯ ಕಡೆ ತಿರುಗಿದರು. ಹೊರಗೆ ಮತ್ತೊಂದು ಗಾಡಿ ಹಂಪಿನ ಮೇಲೆ ಸದ್ದು ಮಾಡಿತು.

“ಏಳಬೇಡ ಕಣೇ” ಎಂದರು ಅವರು ಜೋರಾಗಿ, ಖಾಲಿ ಕುರ್ಚಿಗೆ. “ಕೂತ್ಕೋ ನೀಲಾ, ಏಳಬೇಡ. ನಾನೇ ಕಣೇ ಬಂದಿದ್ದು.”

ಅಡುಗೆಮನೆಯಲ್ಲಿ ಅಕ್ಷತಾ ನಲ್ಲಿ ನಿಲ್ಲಿಸಿದಳು.